ಸರದಿ

ಒಂದೇ ಬಾರು, ನಾಲ್ಕು ಜನ.
ಬಾರು ಅಂದರೆ ಸ್ಕಾಫೋಲ್ಡಿಂಗಿನ ಪೈಪು,
ಎರಡು ತುದಿಗೆ ಎರಡು ಪೇಂಟಿನ ಡಬ್ಬ.
ಏಳನೇ ಸ್ಲ್ಯಾಬು ಹಾಕಿದ ರಾತ್ರಿ
ಉಳಿದ ಕಾಂಕ್ರೀಟು ಕುಡಿದು ಗಟ್ಟಿಯಾದವು.
ಎಡದ್ದು ಸ್ವಲ್ಪ ಭಾರ. ತುಂಬಿದವನು ನಾನೇ,
ಜಲ್ಲಿ ಜಾಸ್ತಿ ಬಿತ್ತು.
ಅದಕ್ಕೇ ಪ್ರತಿ ಸೆಟ್ಟಿಗೂ ತಿರುಗಿ ನಿಲ್ಲುತ್ತೇವೆ,
ಒಮ್ಮೆ ಹೆದ್ದಾರಿಗೆ ಮುಖ,
ಒಮ್ಮೆ ನೀರಿನ ಟ್ಯಾಂಕಿಗೆ.

ಶಾರ್ಜಾದ ಸಜಾ, ಕ್ಯಾಂಪಿನ ತಾರಸಿ, ರಾತ್ರಿ ಒಂಬತ್ತೂವರೆ.
ಸೂರ್ಯ ಹೋಗಿ ಎಷ್ಟೋ ಹೊತ್ತು,
ಅವನ ಬಾಕಿ ಇನ್ನೂ ನೆಲದಲ್ಲಿದೆ;
ಚಪ್ಪಲಿ ಬಿಟ್ಟರೆ ಅಂಗಾಲಿಗೆ ಗೊತ್ತಾಗುತ್ತದೆ.

ಮೊದಲು ಹಸನಬ್ಬ, ಹಿರಿಯ.
ಬಿಸ್ಮಿಲ್ಲಾ ಎಂದು ಹಿಡಿದು ಎಂಟಕ್ಕೆ ಇಳಿಸುತ್ತಾನೆ,
ಒಂಬತ್ತು ಎತ್ತಬಲ್ಲ, ಎತ್ತುವುದಿಲ್ಲ.
ಆಮೇಲೆ ಜಗಿತ್ಯಾಲದ ರಾಜಮಲ್ಲು,
ಒಕಟಿ, ರೆಂಡು, ಮೂಡು,
ಆರು ದಾಟಿದ ಮೇಲೆ ದೇವರನ್ನು ಬೈಯುತ್ತಾನೆ.
ಆಮೇಲೆ ತಿಲ್ ಬಹಾದುರ್. ಅವನು ಎಣಿಸುವುದೇ ಇಲ್ಲ.
ಸಾಕಾದಾಗ ಇಡುತ್ತಾನೆ, ಸದ್ದಿಲ್ಲದೆ,
ಕೆಳಗೆ ನೈಟ್ ಶಿಫ್ಟಿನವರು ಹೊರಡುವ ಮುಂಚೆ
ಇನ್ನೊಂದು ಗಳಿಗೆ ಮಲಗಿರುತ್ತಾರಲ್ಲ.
ಆಮೇಲೆ ನಾನು.

ನನ್ನ ವಿಶ್ರಾಂತಿಗೆ ಗಡಿಯಾರ ಇಲ್ಲ.
ಮೂವರ ಉಸಿರು ಎಷ್ಟು ಉದ್ದವೋ
ಅಷ್ಟು ಉದ್ದ ಅದು.
ಒಂದು ವಾಯ್ಸ್ ಮೆಸೇಜು ಕೇಳುವಷ್ಟು ಬಿಡುವು.
ಕುಮಟಾದಿಂದ ಹೆಂಡತಿ: ಸಿಲಿಂಡರ್ ಬುಕ್ ಮಾಡಿದ್ರಾ?
ಎತ್ತಿ ಬಂದು ಮುಂದಿನ ಬಿಡುವಿಗೆ: ಮಾಡಿದೆ.
ಅದರ ಮುಂದಿನದಕ್ಕೆ ಅವಳು:
ಏದುಸಿರು ಯಾಕೆ, ಯಾರಾದರೂ ಅಟ್ಟಿಸಿಕೊಂಡು ಬಂದ್ರಾ?
ನಾಲ್ಕು ಸೆಟ್ಟಿಗೆ ನಮ್ಮ ಸಂಸಾರದ ಮಾತು ಮುಗಿಯುತ್ತಿತ್ತು.

ಒಮ್ಮೆ ನಾನು ಅವಸರ ಮಾಡಿದೆ,
ಸರದಿ ಬಿಟ್ಟು ಕೈ ಹಾಕಿದೆ.
ಹಸನಬ್ಬ ಪೈಪಿನ ಮೇಲೆ ಕಾಲಿಟ್ಟ.
‘ಸುರಿದ ದಿನವೇ ಗಟ್ಟಿಯಾಗ್ತದಾ ಮಾರಾಯ ಕಾಂಕ್ರೀಟು?
ಗೋಣಿ ಹೊದೆಸಿ, ನೀರು ಹೊಡೆದು, ಸುಮ್ಮನೆ ಬಿಡ್ತೇವಲ್ಲ,
ಆಗ ಅಲ್ವಾ? ಕೂತ್ಕೋ.’

ಕೂತೆ.

ಮಧ್ಯಾಹ್ನ ಸೈಟಿನಲ್ಲೂ ವಿಶ್ರಾಂತಿ ಇದೆ, ಬೇಸಿಗೆಗೆ,
ಹನ್ನೆರಡೂವರೆಯಿಂದ ಮೂರರ ತನಕ, ಸರಕಾರದ ಲೆಕ್ಕದಲ್ಲಿ.
ಪ್ಲೈವುಡ್ಡಿನ ನೆರಳಲ್ಲಿ ನೂರು ಜನ ಸಾಲಾಗಿ ಬೀಳುತ್ತೇವೆ,
ಮುಖಕ್ಕೆ ಒದ್ದೆ ಟವೆಲು.
ಅಲ್ಲಿ ದಣಿವು ಆರುವುದಿಲ್ಲ, ಸ್ವಲ್ಪ ಮುಂದೂಡುತ್ತದೆ.
ಅಲ್ಲಿ ಯಾರೂ ಯಾರಿಗೂ ಎಣಿಸುವುದಿಲ್ಲ.

ರಾಜಮಲ್ಲು ಆಗಸ್ಟಿನಲ್ಲಿ ಹೋದ, ವೀಸಾ ಮುಗಿಯಿತು.
ಆ ರಾತ್ರಿ ನನಗಿಂತ ಮೊದಲು ನನ್ನ ತೋಳಿಗೆ ತಿಳಿಯಿತು:
ಏಳನೆಯದಕ್ಕೇ ನಡುಗಿತು.
ಹಸನಬ್ಬ ಮಗಳ ನಿಕಾಹಕ್ಕೆ ಹೋದವನು
ಮಂಡಿಯ ಎಕ್ಸ್-ರೇ ಕಳಿಸಿದ, ಟಿಕೆಟು ಕಳಿಸಲಿಲ್ಲ.
ನಾನೂ ತಿಲ್ ಬಹಾದುರನೂ ಕೆಲವು ವಾರ
ಎತ್ತಿದೆವು, ಇಟ್ಟೆವು, ಎತ್ತಿದೆವು,
ಮಾತಿಗೂ ಪುರುಸೊತ್ತಿಲ್ಲದ ಹಾಗೆ.
ಹೆಂಡತಿಯ ಮೆಸೇಜು ಅರ್ಧಕ್ಕೇ ನಿಲ್ಲಿಸಬೇಕಾಗುತ್ತಿತ್ತು.
ಮತ್ತೆ ಅವನನ್ನು ಬೇರೆ ಸೈಟಿಗೆ ಹಾಕಿದರು,
ಬಸ್ಸು ನಸುಕಿಗೇ ಬಂತಂತೆ.

ಫೋನಿನಲ್ಲಿ ಮೂರು ನಿಮಿಷ ಇಟ್ಟು ನೋಡಿದೆ.
ಅದು ಕೂಗುತ್ತದೆ, ಬೈಯುವುದಿಲ್ಲ.
ಬೇಡವೆನಿಸಿತು.
ಈಗ ಪೈಪು ಇಳಿಸಿ, ಕಟ್ಟೆಯ ಮೇಲೆ ಕೂತು
ಅವರ ಸರದಿ ನಾನೇ ನಡೆಸುತ್ತೇನೆ ಮನಸ್ಸಿನಲ್ಲಿ.
ಹಸನಬ್ಬನ ಎಂಟು, ಒಂದು ಉಳಿಸಿ.
ರಾಜಮಲ್ಲುವಿನ ಒಕಟಿ ರೆಂಡು;
ಆರಾದ ಮೇಲೆ ಅವನ ದೇವರಿಗೆ ಒಂದು ಬೈಗುಳ,
ಉಚ್ಚಾರ ಸರಿಯಾಗಿರಲಿಕ್ಕಿಲ್ಲ.
ತಿಲ್ ಬಹಾದುರನ ಹತ್ತಿರ ಬಂದು ಸಿಕ್ಕಿಬೀಳುತ್ತೇನೆ.
ಅವನಿಗೆ ಯಾವಾಗ ಸಾಕಾಗುತ್ತದೆಂದು
ನನಗೆ ಹೇಗೆ ಗೊತ್ತು?

ನಿನ್ನೆ ಹೊಸ ಹುಡುಗ ಮೆಟ್ಟಿಲು ಹತ್ತಿ ಬಂದ,
ಚಂಪಾರಣ್ ಕಡೆಯವನು, ಹೆಲ್ಮೆಟ್ಟಿನ ಗೆರೆ ಇನ್ನೂ ಹಣೆಯಲ್ಲಿ.
ನೆಲದ ಮೇಲೆ ಸುಮ್ಮನೆ ಬಿದ್ದ ಪೈಪು ನೋಡಿ
ಖಾಲಿ ಇದೆಯಾ, ಕೇಳಿದ.

‘ರುಕೋ’ ಅಂದೆ.
ಯಾರಿಗೆ ಅಂತ ಅವನು ಕೇಳಲಿಲ್ಲ.
ಚಪ್ಪಲಿ ಬಿಟ್ಟು, ಕಾಲು ಸುಟ್ಟು, ಮತ್ತೆ ಹಾಕಿಕೊಂಡು
ಕಟ್ಟೆಯ ಮೇಲೆ ಕೂತ.